ಖಾಲಿ ಬಿಟ್ಟ ಸ್ಲಾಟು

ಹಳೇ ಕಾಲದ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿದವರಿಗೆ ಗೊತ್ತಿರುತ್ತದೆ. ಮದರ್‌ಬೋರ್ಡಿನ ಮೇಲೆ, ಪ್ರೊಸೆಸರಿನ ಫ್ಯಾನಿಗೆ ಹತ್ತಿರದಲ್ಲೇ, ಎರಡೋ ಮೂರೋ ಉದ್ದನೆಯ ಸ್ಲಾಟುಗಳು. ಒಂದರಲ್ಲಿ ರ‍್ಯಾಮ್ ಕೂತಿರುತ್ತಿತ್ತು, ಮಿಕ್ಕವು ಖಾಲಿ. ಮನೆ ಕಟ್ಟುವಾಗ ಮುಂದೆಂದಾದರೂ ಮಹಡಿ ಏರಿಸೋಣ ಅಂತ ತಾರಸಿಯ ಮೇಲೆ ಕಂಬಿ ಬಿಟ್ಟಿರುತ್ತಾರಲ್ಲ, ಆ ಖಾಲಿ ಸ್ಲಾಟೂ ಅದೇ ಲೆಕ್ಕ. ಇವತ್ತು ಕೈಲಾಗುವಷ್ಟು ಹಾಕಿಸಿದ್ದೇವೆ, ದುಡ್ಡು ಬಂದಾಗ ಮಿಕ್ಕಿದ್ದು. ಮಧ್ಯಮ ವರ್ಗದ ಮನೆಗಳಿಗೆ, ಸಣ್ಣ ಊರಿನ ಸಣ್ಣ ಅಂಗಡಿಗಳಿಗೆ ಕಂಪ್ಯೂಟರು ಬಂದದ್ದೇ ಈ ಧೈರ್ಯದ ಮೇಲೆ. ಆ ಧೈರ್ಯ ಈಗ ಹೋಗುತ್ತಿದೆ. ನಾನು ಬರೆಯಲು ಕೂತಿರುವುದು ಆ ದುಃಖಕ್ಕೆ.

ನಮ್ಮಣ್ಣ ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ. ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ, ಎರಡು ಕುರ್ಚಿ ಒಂದು ಬೆಂಚು ಹಿಡಿಸುವಷ್ಟು ಮಳಿಗೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲಾ ಪ್ರಶ್ನೆಪತ್ರಿಕೆ, ಒಮ್ಮೊಮ್ಮೆ ಯಾರದೋ ಕವನ ಸಂಕಲನ. ನಾನು ಆಗ ಡಿಗ್ರಿ ಓದುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ನೇರ ಅಲ್ಲಿಗೆ ಹೋಗಿ ಕೂತು ಟೈಪು ಮಾಡುತ್ತಿದ್ದೆ. ಪೇಜ್‌ಮೇಕರಿನಲ್ಲಿ ಶ್ರೀಲಿಪಿ ಹಾಕಿಕೊಂಡು ಕೆಲಸ. ಆಮೇಲೆ ಬರಹ ಬಂತು, ನುಡಿ ಬಂತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಗೆ ಬೆರಳು ಒಗ್ಗಿತು. ಕನ್ನಡದ ಆ ತಂತ್ರಾಂಶಗಳೆಲ್ಲ ಎಷ್ಟು ಹಗುರವಾಗಿದ್ದವು ಅಂದರೆ, ಎಂಥ ಬಡ ಕಂಪ್ಯೂಟರಿನಲ್ಲೂ ಓಡುತ್ತಿದ್ದವು. ಅವನ್ನು ಕಟ್ಟಿದವರಿಗೆ ನಮ್ಮ ಊರಿನ ಯಂತ್ರಗಳ ಯೋಗ್ಯತೆ ಗೊತ್ತಿತ್ತು.

ಅಣ್ಣನದು ಅಸೆಂಬಲ್ ಮಾಡಿಸಿದ ಯಂತ್ರ. 32 ಎಂಬಿ ರ‍್ಯಾಮ್. ವಿಂಡೋಸ್ 98ಕ್ಕೆ 16 ಎಂಬಿ ಇದ್ದರೆ ಸಾಕು ಅಂತ ಅದರ ಡಬ್ಬಿಯ ಮೇಲೆ ಇರುತ್ತಿತ್ತು. ಬರೀ ಅಕ್ಷರದ ಕೆಲಸಕ್ಕೆ 32 ಎಂಬಿ ಧಾರಾಳ. ಆದರೆ ಲಗ್ನಪತ್ರಿಕೆಗೆ ವಧೂವರರ ಫೋಟೋ ಹಾಕಿಸುವ ಖಯಾಲಿ ಶುರುವಾಗಿತ್ತು. ಫೋಟೋಶಾಪ್ ತೆಗೆದು, ಸ್ಕ್ಯಾನ್ ಮಾಡಿದ ಚಿತ್ರ ತೆರೆದರೆ ಮುಗಿಯಿತು. ರ‍್ಯಾಮಿನಲ್ಲಿ ಹಿಡಿಸದ್ದನ್ನೆಲ್ಲ ಯಂತ್ರ ಹಾರ್ಡ್‌ಡಿಸ್ಕಿಗೆ ತಳ್ಳಿ, ಬೇಕೆಂದಾಗ ಅಲ್ಲಿಂದ ಎತ್ತಿಕೊಳ್ಳಬೇಕು. ಹಾರ್ಡ್‌ಡಿಸ್ಕು ಕರಕರ ಅನ್ನುತ್ತಿತ್ತು. ಕೆಂಪು ದೀಪ ಆರುತ್ತಲೇ ಇರಲಿಲ್ಲ. ಮದುಮಗಳ ಮುಖ ಮೇಲಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಬರುವಾಗ ಬೆಂಚಿನ ಮೇಲೆ ಕೂತ ಹುಡುಗಿಯ ಅಪ್ಪ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಎಷ್ಟೊತ್ತಾಯ್ತದಪ್ಪಾ?"

"ಬತ್ತಾ ಐತೆ ಯಜಮಾನ್ರೇ, ಒಂದ್ ಕಾಫಿ ಕುಡ್ಕಂಡ್ ಬನ್ನಿ" ಅನ್ನುತ್ತಿದ್ದ ಅಣ್ಣ. ಅವರು ಕಾಫಿ ಕುಡಿದು, ಅಡಿಕೆ ಹಾಕಿಕೊಂಡು, ಪೇಪರು ಓದಿ ಮುಗಿಸಿ ಬಂದರೂ ಮದುಮಗಳ ಗಲ್ಲ ಇನ್ನೂ ಮೂಡಿರುತ್ತಿರಲಿಲ್ಲ.

64 ಎಂಬಿ ಇನ್ನೊಂದು ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಅಣ್ಣನಿಗೆ ಗೊತ್ತಿತ್ತು. 1999ರಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಚುನಾವಣೆ ಒಟ್ಟಿಗೆ ಬಂದವು. ಪಕ್ಷ ಯಾವುದಾದರೂ ಕರಪತ್ರ ಬೇಕಲ್ಲ! ರಾತ್ರಿಯೆಲ್ಲ ಅಂಗಡಿಯ ಬಾಗಿಲು ತೆರೆದೇ ಇರುತ್ತಿತ್ತು. ಮತದಾನ ಮುಗಿದ ಮೇಲೆ ಅಣ್ಣ ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸಿ, ರ‍್ಯಾಮಿಗೆ ಅಂತ ಬೇರೆ ಕವರಿಗೆ ಹಾಕಿದ. ಸೆಪ್ಟೆಂಬರ್ ಕೊನೆಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೊರಟ. ಮೆಜೆಸ್ಟಿಕ್ಕಿನಲ್ಲಿ ಇಳಿದು, ಸಿಟಿ ಬಸ್ಸು ಹಿಡಿದು ಟೌನ್‌ಹಾಲ್ ಹತ್ತಿರ ಇಳಿದು, ಅಲ್ಲಿಂದ ನಡೆದು ಎಸ್.ಪಿ. ರೋಡಿಗೆ. ಸಾದರ್ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟಿನ ರಸ್ತೆ ಕರ್ನಾಟಕದ ಎಲ್ಲ ಡಿಟಿಪಿಯವರಿಗೆ, ಸೈಬರ್‌ನವರಿಗೆ, ರಿಪೇರಿಯವರಿಗೆ ಒಂದು ಕ್ಷೇತ್ರವೇ. ರಾತ್ರಿ ಅಣ್ಣ ವಾಪಸು ಬಂದಾಗ ಕವರು ಹಾಗೇ ಇತ್ತು, ದುಡ್ಡೂ ಹಾಗೇ ಇತ್ತು.

"ತೈವಾನಿನಲ್ಲಿ ಭೂಕಂಪ ಆಗೈತಂತೆ ಪುಟ್ಟಿ. ರೇಟು ಮುಟ್ಟಂಗಿಲ್ಲ" ಅಂದ.

ಸೆಪ್ಟೆಂಬರ್ 21ರ ನಡುರಾತ್ರಿ ಆ ದ್ವೀಪ ನಡುಗಿತ್ತು. 2400ಕ್ಕೂ ಹೆಚ್ಚು ಜನ ಸತ್ತಿದ್ದರು. ಚಿಪ್ ಕಾರ್ಖಾನೆಗಳು ಒತ್ತೊತ್ತಾಗಿರುವ ಶಿಂಚು ಊರಿನಲ್ಲಿ ಕರೆಂಟು ಹೋಗಿ ಕೆಲಸ ನಿಂತಿತ್ತು. ಆಗಲೇ ಏರುಮುಖದಲ್ಲಿದ್ದ ರ‍್ಯಾಮ್ ಬೆಲೆ ಅದರಿಂದ ಇನ್ನೂ ಮೇಲಕ್ಕೆ ಹಾರಿತು. ಹಾಸನದ ಸಂದಿಯೊಂದರ ಅಂಗಡಿಗೂ ತೈವಾನಿನ ನೆಲಕ್ಕೂ ಇಂಥದೊಂದು ನಂಟು ಇದೆ ಅನ್ನುವುದು ನನಗೆ ತಿಳಿದದ್ದು ಅವತ್ತು. ಆ ರಾತ್ರಿ ಅಣ್ಣ ಊಟದ ಎಲೆಯ ಮುಂದೆ ಕೂತು ಸತ್ತವರ ಲೆಕ್ಕವನ್ನೇ ಮಾತಾಡಿದ, ರ‍್ಯಾಮಿನ ಮಾತು ಮತ್ತೆ ಎತ್ತಲಿಲ್ಲ.

ಬೆಲೆ ಇಳಿಯಿತು. ಸಂಕ್ರಾಂತಿ ಕಳೆದ ಮೇಲೆ ಅಣ್ಣ ಮತ್ತೆ ಹೋಗಿ 64 ಎಂಬಿ ತಂದ. ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಕವರಿನಲ್ಲಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ.

ಅದನ್ನು ಹಾಕಿದ ಕ್ರಮ ನನಗೆ ಚೆನ್ನಾಗಿ ನೆನಪಿದೆ. ಮೊದಲು ಪ್ಲಗ್ಗು ಕಿತ್ತ. ಕ್ಯಾಬಿನೆಟ್ಟಿನ ತಗಡನ್ನು ಅಂಗೈಯಿಂದ ಒಂದು ಗಳಿಗೆ ಮುಟ್ಟಿಕೊಂಡು ನಿಂತ, ಮೈಯ ಸ್ಥಾಯೀ ವಿದ್ಯುತ್ತು ಇಳಿಯಲಿ ಅಂತ. ಆಮೇಲೆ ಹಳೆಯ 32 ಎಂಬಿಯನ್ನೂ ಹೊರಗೆ ತೆಗೆದು, ಅದರ ಕೆಳಗಿನ ಬಂಗಾರ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದ, ಎರಡೂ ಬದಿ. ರಬ್ಬರಿನ ಪುಡಿಯನ್ನು ಊದಲಿಲ್ಲ. ಬಾಯಿಯ ಪಸೆ ತಾಗಬಾರದು ಅಂತ ಪೇಂಟಿಂಗ್ ಬ್ರಶ್ಶಿನಿಂದ ಕೊಡವಿದ. ಹೊಸದನ್ನು ಎರಡು ಕೈಯಲ್ಲಿ ಅಂಚು ಹಿಡಿದು, ಅದರ ಕಚ್ಚು ಸ್ಲಾಟಿನ ಗುಬುಟಿಗೆ ಸರಿಯಾಗಿ ಕೂರುತ್ತದಾ ಅಂತ ನೋಡಿ, ಎರಡು ಹೆಬ್ಬೆರಳು ಇಟ್ಟು ಒತ್ತಿದ. ಎರಡೂ ತುದಿಯ ಬಿಳಿ ಕ್ಲಿಪ್ಪುಗಳು ತಾವಾಗಿಯೇ ಎದ್ದು ಟಕ್ಕೆಂದು ಕಚ್ಚಿಕೊಂಡವು. ಸ್ವಿಚ್ಚು ಹಾಕಿದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ರ‍್ಯಾಮ್ ಸರಿಯಾಗಿ ಕೂರದಿದ್ದರೆ ಸ್ಕ್ರೀನು ಕಪ್ಪಾಗಿಯೇ ಉಳಿದು, ಒಳಗಿನ ಪುಟ್ಟ ಸ್ಪೀಕರಿನಿಂದ ಉದ್ದನೆಯ ಬೀಪು ಒಂದರ ಹಿಂದೊಂದು ಬರುತ್ತದೆ. ಬರಲಿಲ್ಲ. ಚಿಕ್ಕದಾಗಿ ಒಂದು ಬೀಪು. ಕಪ್ಪು ತೆರೆಯ ಮೇಲೆ ಬಿಳಿ ಅಂಕಿ ಓಡತೊಡಗಿತು. ದಿನಾ 32768ಕ್ಕೆ ನಿಲ್ಲುತ್ತಿದ್ದದ್ದು ಅವತ್ತು ಅದನ್ನು ದಾಟಿತು, 65536 ದಾಟಿತು, 98304ಕ್ಕೆ ಬಂದು ನಿಂತಿತು. ಅಣ್ಣ ರೀಸೆಟ್ ಗುಂಡಿ ಒತ್ತಿ ಇನ್ನೊಂದು ಸಲ ಓಡಿಸಿದ. ಅಮ್ಮನನ್ನು ಕರೆಸಿ ತೋರಿಸಿದ. ಅಮ್ಮ ಅಂಕಿ ನೋಡಿ "ಒಳ್ಳೇದಾಗ್ಲಿ" ಅಂದು ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸಿದರು.

ಆ ದಿನದಿಂದ ಮದುಮಗಳ ಮುಖ ಒಂದೇ ಸಲಕ್ಕೆ ಬರುತ್ತಿತ್ತು.

ಇದನ್ನೇ ನಾನು ಕಳೆದುಕೊಂಡದ್ದು ಅನ್ನುತ್ತಿರುವುದು. ಹೊಸ ಯಂತ್ರ ಕೊಂಡ ಸಂತೋಷ ಬೇರೆ. ಅದರಲ್ಲಿ ಸಾಲದ ಕಂತು ಇರುತ್ತದೆ. ಇರುವ ಯಂತ್ರಕ್ಕೇ ಒಂದು ತುಂಡು ಸೇರಿಸಿ, ಅದು ನಾಳೆಯಿಂದ ಎರಡರಷ್ಟು ಚುರುಕಾಗುವುದನ್ನು ನೋಡುವ ಸಂತೋಷದಲ್ಲಿ ಸಾಲ ಇರುತ್ತಿರಲಿಲ್ಲ. ಪ್ರೊಸೆಸರು ಬದಲಿಸಲು ಮೆಕ್ಯಾನಿಕ್ ಬೇಕು, ಮದರ್‌ಬೋರ್ಡು ಹೋದರೆ ಎಲ್ಲ ಹೋದಂತೆ. ರ‍್ಯಾಮ್ ಒಂದನ್ನು ಮಾತ್ರ ಹೈಸ್ಕೂಲು ಹುಡುಗನೂ ಹಾಕಬಹುದಿತ್ತು. ಇಡೀ ಕಂಪ್ಯೂಟರಿನಲ್ಲಿ ಬಡವನ ಕೈಗೆ ಎಟುಕುತ್ತಿದ್ದದ್ದು ಅದೊಂದೇ.

ಅದು ಕೈಗೆ ಎಟುಕಿದ್ದರ ಹಿಂದೆ ಒಬ್ಬ ದೊಡ್ಡ ಮನುಷ್ಯನಿದ್ದಾರೆ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್. ಮಾಹಿತಿಯ ಒಂದು ಬಿಟ್ಟನ್ನು ಹಿಡಿದಿಡಲು ಆಗ ಹಲವು ಟ್ರಾನ್ಸಿಸ್ಟರುಗಳು ಬೇಕಾಗುತ್ತಿದ್ದವು. ಒಂದೇ ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು ಸಾಕು ಅಂತ ಅವರು ಕಂಡುಕೊಂಡರು. 1968ರಲ್ಲಿ ಪೇಟೆಂಟು ಸಿಕ್ಕಿತು. ಕೆಪಾಸಿಟರಿನಲ್ಲಿ ವಿದ್ಯುತ್ತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅದು ಸದಾ ಸೋರುತ್ತಿರುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಮಿಕ್ಕಿ, ಓದಿ ಮತ್ತೆ ತುಂಬಬೇಕು. ಇಷ್ಟು ಸರಳವಾದ್ದರಿಂದಲೇ ಅದನ್ನು ಸಣ್ಣದು ಮಾಡುತ್ತಾ ಹೋಗಲು ಸಾಧ್ಯವಾಯಿತು. 1970ರಲ್ಲಿ ಇಂಟೆಲ್ ತಂದ 1103 ಎಂಬ ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್. 1990ರ ಸುಮಾರಿಗೆ ಒಂದು ಎಂಬಿಗೆ ಹೆಚ್ಚುಕಡಿಮೆ ನೂರು ಡಾಲರ್ ಇದ್ದದ್ದು ಹತ್ತೇ ವರ್ಷದಲ್ಲಿ ಒಂದು ಡಾಲರಿನ ಆಸುಪಾಸಿಗೆ ಬಂತು. ಡೆನ್ನಾರ್ಡ್ 2024ರ ಏಪ್ರಿಲಿನಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಅವರ ಬಗ್ಗೆ ಇನ್ನಷ್ಟು ಬರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ದಾರಿ ಸಮತಟ್ಟಾಗಿತ್ತು ಅಂತಲ್ಲ. 1993ರ ಜುಲೈನಲ್ಲಿ ಜಪಾನಿನ ನಿಯಿಹಾಮಾದಲ್ಲಿ ಸುಮಿಟೊಮೊ ಕಂಪನಿಯ ರಾಳದ ಕಾರ್ಖಾನೆ ಸ್ಫೋಟಗೊಂಡಿತು. ಚಿಪ್ಪಿನ ಕಪ್ಪು ಹೊದಿಕೆಗೆ ಬೇಕಾದ ರಾಳದ ಬಹುಪಾಲು ಜಗತ್ತಿಗೆ ಅಲ್ಲಿಂದಲೇ ಹೋಗುತ್ತಿತ್ತು, ಬೆಲೆ ಏರಿತು. 2013ರಲ್ಲಿ ಚೀನಾದ ವೂಶಿಯಲ್ಲಿ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿತ್ತು, ಆಗಲೂ ಏರಿತು. ಒಮ್ಮೆ ಕಂಪನಿಗಳೇ ಒಳಗೊಳಗೆ ಮಾತಾಡಿಕೊಂಡು ಬೆಲೆ ಏರಿಸಿದ್ದವು. 2005ರಲ್ಲಿ ಆ ತಪ್ಪು ಒಪ್ಪಿಕೊಂಡು ಸ್ಯಾಮ್‌ಸಂಗ್ ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡ ಕಟ್ಟಿತು. ಬೆಲೆ ಬಿದ್ದಾಗ ಮುಳುಗಿದವರೂ ಇದ್ದಾರೆ. ಜರ್ಮನಿಯ ಕಿಮೊಂಡಾ 2009ರಲ್ಲಿ, ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿ ಎದ್ದವು. ಹೀಗೆ ಒಬ್ಬೊಬ್ಬರೇ ಹೋಗಿ ಕಡೆಗೆ ದೊಡ್ಡವರು ಅಂತ ಉಳಿದದ್ದು ಮೂವರು: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಆದರೂ ಏರಿದ್ದು ಇಳಿಯುತ್ತಿತ್ತು. ತೈವಾನಿನ ಭೂಕಂಪವಾಗಿ ಎರಡು ವರ್ಷ ತುಂಬುವಷ್ಟರಲ್ಲಿ, 2001ರಲ್ಲಿ, ಬೆಲೆ ಪಾತಾಳ ಕಂಡಿತು. ಅಣ್ಣ 128 ಎಂಬಿಯದು ತಂದು ಮಿಕ್ಕ ಸ್ಲಾಟನ್ನೂ ತುಂಬಿದ. "ಕಾದ್ರೆ ಇಳಿಯುತ್ತೆ" ಅನ್ನುವುದು ಅವನ ವ್ಯಾಪಾರದ ಸೂತ್ರವೇ ಆಗಿಹೋಗಿತ್ತು. ಅವನು ತಪ್ಪಿರಲಿಲ್ಲ. ಮೂವತ್ತು ನಲವತ್ತು ವರ್ಷ ಜಗತ್ತು ಹಾಗೇ ನಡೆದಿತ್ತು.

ತೆಗೆದ ರ‍್ಯಾಮನ್ನು ಅಣ್ಣ ಎಸೆದವನಲ್ಲ. ಹಳೆಯ 32 ಎಂಬಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರ ಯಂತ್ರಕ್ಕೆ ಹೋಯಿತು. 64 ಎಂಬಿ, ಹೊಸ ಬೋರ್ಡು ಬಂದಾಗ, ಚನ್ನರಾಯಪಟ್ಟಣದ ಕಡೆಯ ಒಂದು ಹೈಸ್ಕೂಲಿನ ಕಂಪ್ಯೂಟರಿಗೆ ಹೋಯಿತು. ಅದನ್ನು ಹಾಕಿಕೊಡಲು ಅಣ್ಣ ಭಾನುವಾರ ಬಸ್ಸಿನಲ್ಲಿ ಹೋಗಿ ಬಂದಿದ್ದ, ಬಸ್ ಚಾರ್ಜು ಕೂಡ ಈಸಿಕೊಳ್ಳಲಿಲ್ಲ. ದೊಡ್ಡ ಊರಿನಲ್ಲಿ ಬೇಡವಾದದ್ದು ಸಣ್ಣ ಊರಿಗೆ, ಸಣ್ಣ ಊರಿನಲ್ಲಿ ಬೇಡವಾದದ್ದು ಹಳ್ಳಿ ಶಾಲೆಗೆ. ರ‍್ಯಾಮ್ ಅಗ್ಗವಾಗಿದ್ದರಿಂದಲೇ ಇದು ನಡೆಯುತ್ತಿತ್ತು, ಕೊಡುವ ಕೈಗೆ ಭಾರವಾಗುತ್ತಿರಲಿಲ್ಲ. ಈ ಕೈಬದಲಿನ ಲೆಕ್ಕ ಯಾವ ಇಲಾಖೆಯ ಕಡತದಲ್ಲೂ ಇಲ್ಲ. ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳು ಮೌಸ್ ಹಿಡಿಯಲು ಕಲಿತದ್ದು ಮಾತ್ರ ಇದರಿಂದಲೇ.

ಅಣ್ಣ ಈಗ ಇಲ್ಲ. ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಲಗ್ನಪತ್ರಿಕೆಗಳು ಫೋನಿನಲ್ಲೇ ಬರುತ್ತವೆ. ಅವನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಇರುವುದು 8 ಜಿಬಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ನಿಲ್ಲಿಸಿದ ಮೇಲೆ ಅವಳೂ ಹನ್ನೊಂದಕ್ಕೆ ಬದಲಾಯಿಸಿಕೊಂಡಳು. ಹನ್ನೊಂದಕ್ಕೆ ಕನಿಷ್ಠ 4 ಜಿಬಿ ಬೇಕು, ಅಂದರೆ ಅಣ್ಣನ ಕಾಲದ ಆ 16 ಎಂಬಿಯ 256 ಪಟ್ಟು. ಹೆಸರಿಗೆ ಕನಿಷ್ಠ ಅಷ್ಟೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದು, ಪಕ್ಕದಲ್ಲಿ ಪ್ರಾಜೆಕ್ಟಿನ ತಂತ್ರಾಂಶ ಓಡಿಸಿದರೆ ಎಂಟೂ ಸಾಲುವುದಿಲ್ಲ. "ಅತ್ತೆ, ಇನ್ನೊಂದು ಎಂಟು ಜಿಬಿ ಹಾಕಿಸಿಬಿಟ್ರೆ ಫೈನಲ್ ಇಯರ್ ಮುಗಿಯೋ ತನಕ ಯೋಚನೆ ಇಲ್ಲ. ಒಂದು ಸ್ಲಾಟ್ ಖಾಲಿ ಇದೆ" ಅಂದಳು. ಅಪ್ಪನ ಮಗಳು! ನನಗೆ ಹಿಗ್ಗಾಯಿತು. ನಾನೇ ಕೊಡಿಸುತ್ತೇನೆ ನಡಿ ಅಂತ ಎಸ್.ಪಿ. ರೋಡಿಗೆ ಕರೆದುಕೊಂಡು ಹೋದೆ.

ರಸ್ತೆ ಅದೇ. ತಲೆಯ ಮೇಲೆ ತಂತಿಗಳ ಸಿಕ್ಕು, ಫುಟ್‌ಪಾತಿನ ಮೇಲೆ ಕೇಬಲ್ಲು ಚಾರ್ಜರು ಹರಡಿಕೊಂಡ ಹುಡುಗರು, ಕನ್ನಡ, ಹಿಂದಿ, ತಮಿಳು, ಉರ್ದು ಎಲ್ಲ ಕಲೆಸಿದ ವ್ಯಾಪಾರ. ಅಣ್ಣನ ಜೊತೆ ಒಮ್ಮೆ ಬಂದಾಗ ಅಂಗಡಿಯ ಬಾಗಿಲಲ್ಲೇ ಹಾಳೆಯ ಮೇಲೆ ಬರೆದು ಅಂಟಿಸಿದ ರೇಟುಗಳನ್ನು ನೋಡಿದ್ದೆ, ಎರಡು ಅಂಗಡಿ ಸುತ್ತಿದರೆ ಐವತ್ತು ನೂರು ಕಡಿಮೆಗೂ ಸಿಗುತ್ತಿತ್ತು. ಈ ಸಲ ಹಾಳೆ ಇರಲಿಲ್ಲ. ಕೇಳಿದರೆ ಅಂಗಡಿಯಾತ ಫೋನು ತೆಗೆದು ಯಾರನ್ನೋ ವಿಚಾರಿಸಿ ಬೆಲೆ ಹೇಳಿದರು. ಹೋದ ವರ್ಷ ಎರಡು ಬರುತ್ತಿದ್ದ ದುಡ್ಡಿಗೆ ಈಗ ಒಂದೂ ಬರುವುದಿಲ್ಲ.

"ನಾಳೆ ಬಂದರೆ?" ಅಂತ ಕೇಳಿದೆ.

"ಅಮ್ಮಾ, ಸಂಜೆ ಬಂದರೂ ಇದೇ ರೇಟಿಗೆ ಕೊಡ್ತೀನಿ ಅನ್ನಕ್ಕಾಗಲ್ಲ. ನಮಗೇ ಮಾಲು ಸಿಗ್ತಾ ಇಲ್ಲ. ಮೂವತ್ತು ವರ್ಷದಿಂದ ಇಲ್ಲಿದ್ದೀನಿ, ಹಿಂಗೆ ನೋಡಿಲ್ಲ."

ಮಾರುವವರಿಗೆ ಲಾಭವಾಗುತ್ತಿದೆಯೆಂದು ನಾನು ಅಂದುಕೊಂಡಿದ್ದೆ. ಆ ಮುಖದಲ್ಲಿ ಲಾಭ ಕಾಣಲಿಲ್ಲ. ಗಿರಾಕಿ ಬೆಲೆ ಕೇಳಿ ಹಿಂತಿರುಗಿ ಹೋಗುವುದನ್ನು ದಿನವಿಡೀ ನೋಡುವ ಆಯಾಸ ಕಂಡಿತು.

ಯಾಕೆ ಹೀಗಾಯಿತು ಅನ್ನುವುದನ್ನು ಸೊಸೆಯೇ ನನಗೆ ಬಿಡಿಸಿ ಹೇಳಿದಳು, ಆಮೇಲೆ ನಾನೂ ಓದಿಕೊಂಡೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಎಚ್‌ಬಿಎಂ ಎಂಬ ಬೇರೆ ಜಾತಿಯ ಮೆಮೊರಿ ಬೇಕು. ಚಿಪ್ಪುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡುವಂಥದ್ದು. ನಮ್ಮ ಲ್ಯಾಪ್‌ಟಾಪಿನ ರ‍್ಯಾಮಿಗೆ ಹೋಲಿಸಿದರೆ, ಅಷ್ಟೇ ಸಾಮರ್ಥ್ಯಕ್ಕೆ ಅದು ಸುಮಾರು ಮೂರು ಪಟ್ಟು ಸಿಲಿಕಾನ್ ವೇಫರ್, ಅಂದರೆ ಚಿಪ್ಪು ಕತ್ತರಿಸಿ ತೆಗೆಯುವ ಬಿಲ್ಲೆ, ತಿನ್ನುತ್ತದೆ. ಅದರಲ್ಲಿ ಲಾಭವೂ ಹೆಚ್ಚು. ಮೂರೇ ಕಂಪನಿ, ಇರುವಷ್ಟೇ ಕಾರ್ಖಾನೆ. ಹೊಸದೊಂದು ಕಟ್ಟಿ ಮಾಲು ಹೊರಬರಲು ವರ್ಷಗಳು ಹಿಡಿಯುತ್ತವೆ. 2025ರ ಅಕ್ಟೋಬರ್ 1ರಂದು ಓಪನ್‌ಎಐ ಸಂಸ್ಥೆ ಸ್ಯಾಮ್‌ಸಂಗ್, ಹೈನಿಕ್ಸ್ ಎರಡರ ಜೊತೆಗೂ ಕೈಜೋಡಿಸಿತು. ದತ್ತಾಂಶ ಕೇಂದ್ರಗಳನ್ನು ಕಟ್ಟುವ ತನ್ನ ಸ್ಟಾರ್‌ಗೇಟ್ ಯೋಜನೆಗೆ ತಿಂಗಳಿಗೆ 9 ಲಕ್ಷ ವೇಫರುಗಳವರೆಗೆ ಬೇಕಾಗಬಹುದು ಅನ್ನುವ ಮಾತು ಆಗ ಹೊರಬಿತ್ತು. ನವೆಂಬರಿನಲ್ಲಿ ರಾಯಿಟರ್ಸ್ ವರದಿ ಮಾಡಿದಂತೆ, ಸ್ಯಾಮ್‌ಸಂಗಿನ 32 ಜಿಬಿ ಡಿಡಿಆರ್-5 ಮಾಡ್ಯೂಲಿನ ಸಗಟು ಬೆಲೆ ಸೆಪ್ಟೆಂಬರಿನಲ್ಲಿ 149 ಡಾಲರ್ ಇದ್ದದ್ದು ಎರಡು ತಿಂಗಳಿಗೆ 239 ಆಗಿತ್ತು. ಸಗಟಿನಲ್ಲೇ ಅಷ್ಟಾದ ಮೇಲೆ ಚಿಲ್ಲರೆ ಅಂಗಡಿಯ ಮಾತು ಬೇಡ. ಟೋಕಿಯೋದ ಅಕಿಹಬಾರಾ ಅಂದರೆ ಜಪಾನಿನ ಎಸ್.ಪಿ. ರೋಡು. ಅಲ್ಲಿಯ ಅಂಗಡಿಗಳು ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದವು. ಸರಿ, ಹಳೆಯ ಡಿಡಿಆರ್-4 ಆದರೂ ಅಗ್ಗವಿರಬಹುದಲ್ಲ ಅಂದರೆ, ಅದನ್ನು ಮಾಡುವುದನ್ನು ಈ ಮೂವರೂ ಕಡಿಮೆ ಮಾಡುತ್ತಾ ಬಂದು ಅದೂ ತುಟ್ಟಿಯಾಗಿತ್ತು.

ಡಿಸೆಂಬರ್ 3ರಂದು ಮೈಕ್ರಾನ್ ಇನ್ನೊಂದು ಸುದ್ದಿ ಕೊಟ್ಟಿತು. ಜನಸಾಮಾನ್ಯರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ರ‍್ಯಾಮಿನ ವ್ಯಾಪಾರವನ್ನೇ 2026ರ ಫೆಬ್ರವರಿಗೆ ಮುಗಿಸುತ್ತೇವೆ, ದೊಡ್ಡ ಗಿರಾಕಿಗಳಿಗೆ ಮಾಲು ಒದಗಿಸಬೇಕಾಗಿದೆ ಅಂತ. 29 ವರ್ಷದ ಹೆಸರು ಅದು. ಅಂಗಡಿ ಅಂಗಡಿಯಲ್ಲೂ ಸಿಗುತ್ತಿತ್ತು, ಡಬ್ಬಿ ನೋಡಿದರೆ ನಂಬಿಕೆ ಬರುತ್ತಿತ್ತು. ಇದೇ ಮೈಕ್ರಾನಿನ ಒಂದು ಘಟಕ ಗುಜರಾತಿನ ಸಾನಂದ್‌ನಲ್ಲಿದೆ. ಹೊರಗಿನಿಂದ ಬಂದ ವೇಫರುಗಳನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸುವ ಕೆಲಸಕ್ಕೆ ಕಟ್ಟಿದ್ದು. ನಮ್ಮ ನೆಲದಲ್ಲಿ ಕೆಲಸ ನಡೆದರೂ ನಮ್ಮ ಸೊಸೆಯ ಲ್ಯಾಪ್‌ಟಾಪಿಗೆ ಅದರಿಂದ ಏನೂ ಸುಲಭವಾಗಿಲ್ಲ.

ಭೂಕಂಪದಿಂದ ಬೆಲೆ ಏರಿದಾಗ ಅಣ್ಣ ಯಾರ ಮೇಲೂ ಸಿಟ್ಟಾಗಲಿಲ್ಲ. ಆಗ ಮಾಲು ಇರಲಿಲ್ಲ, ಮಾಡುವವರೇ ಕಷ್ಟದಲ್ಲಿದ್ದರು. ಈಗ ಯಾವ ಕಾರ್ಖಾನೆಗೂ ಬೆಂಕಿ ಬಿದ್ದಿಲ್ಲ, ಯಾವ ನೆಲವೂ ನಡುಗಿಲ್ಲ. ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿವೆ. ಮಾಲು ಇದೆ, ಅದು ನಮ್ಮ ಕಡೆಗೆ ಬರುತ್ತಿಲ್ಲ. ಒಂದು ಊಟಕ್ಕೆ ಎಷ್ಟು ಉಪ್ಪು ಅಂತ ಯಂತ್ರವನ್ನು ಕೇಳುವವರಿಗೆ ಉತ್ತರ ಸಿಗಲೆಂದು, ಒಬ್ಬ ವಿದ್ಯಾರ್ಥಿಯ ಸ್ವಂತ ಯಂತ್ರ ಏದುಸಿರು ಬಿಡಬೇಕಾಗಿದೆ. ಇದು ನ್ಯಾಯ ಅಂತ ನನ್ನ ಮನಸ್ಸು ಒಪ್ಪುವುದಿಲ್ಲ. ಆ ತಂತ್ರಜ್ಞಾನದಿಂದ ಒಳ್ಳೆಯದಾಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ಅದನ್ನು ಬಲ್ಲವರು ಹೇಳಲಿ. ಆದರೆ ಕೋಟಿಗಟ್ಟಲೆ ಸುರಿಯಬಲ್ಲವರು ಒಂದು ಕಡೆ, ತಿಂಗಳ ಖರ್ಚಿನಲ್ಲಿ ಉಳಿಸಿ ಒಂದು ತುಂಡು ರ‍್ಯಾಮ್ ಕೊಳ್ಳುವವರು ಇನ್ನೊಂದು ಕಡೆ ನಿಂತು ಒಂದೇ ವೇಫರಿಗೆ ಹರಾಜು ಕೂಗಬೇಕಾಗಿ ಬಂದರೆ ಯಾರಿಗೆ ಸಿಗುತ್ತದೆ ಅನ್ನುವುದನ್ನು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ.

ಬೆಲೆ ಇಂದಲ್ಲ ನಾಳೆ ಇಳಿದೀತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಅದೇ ಅಂಗಡಿಯಲ್ಲಿ, ನಮ್ಮ ಪಕ್ಕದಲ್ಲಿ ಒಬ್ಬ ಹುಡುಗ ತೆಳ್ಳಗಿನ ಚಂದದ ಲ್ಯಾಪ್‌ಟಾಪು ತಂದು ರ‍್ಯಾಮ್ ಹಾಕಿಸಬೇಕು ಅಂತ ನಿಂತಿದ್ದ. ರಿಪೇರಿಯವರು ಹಿಂದಿನ ತಟ್ಟೆ ಬಿಚ್ಚಿ, ಬೆಳಕಿಗೆ ಹಿಡಿದು ತೋರಿಸಿದರು. ಸ್ಲಾಟೇ ಇರಲಿಲ್ಲ. ನಾಲ್ಕು ಕಪ್ಪು ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. "ಇದಕ್ಕೆ ಆಗಲ್ಲಪ್ಪ" ಅಂದರು. "ದುಡ್ಡು ಕೊಡ್ತೀನಿ ಅಣ್ಣ" ಅಂದ ಹುಡುಗ. "ದುಡ್ಡಿನ ಮಾತಲ್ಲ, ಜಾಗ ಇಲ್ಲ."

ಆಪಲ್ ಕಂಪನಿ 2012ರಲ್ಲಿ ತನ್ನ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ‍್ಯಾಮನ್ನು ಬೋರ್ಡಿಗೆ ಬೆಸೆದಾಗ ಜನ ಗೊಣಗಿದ್ದರು. ಈಗ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಅದೇ ರೂಢಿ. ಬೆಸೆದದ್ದು ಕಡಿಮೆ ವಿದ್ಯುತ್ತು ಎಳೆಯುತ್ತದೆ, ವೇಗವಾಗಿರುತ್ತದೆ, ಜಾಗ ಉಳಿಯುತ್ತದೆ. ಎಂಜಿನಿಯರುಗಳ ಈ ಮಾತು ನಿಜವೇ. ಅಷ್ಟೇ ವೇಗದ, ಬಿಚ್ಚಿ ಹಾಕಬಹುದಾದ ಹೊಸ ನಮೂನೆಯೂ ಬಂದಿದೆ. ಕ್ಯಾಮ್-2 ಅಂತ ಅದಕ್ಕೆ ಹೆಸರು. 2023ರ ಕೊನೆಗೆ ಜೆಡೆಕ್ ಸಂಸ್ಥೆ ಅದರ ಮಾನಕವನ್ನೂ ಪ್ರಕಟಿಸಿತು. ಮನಸ್ಸಿದ್ದರೆ ಮಾರ್ಗ ಇತ್ತು ಅನ್ನುವುದಕ್ಕೆ ಇದನ್ನು ಹೇಳಿದೆ. ಆದರೆ ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪುಗಳಲ್ಲಿ ಅದು ಕಾಣುವುದೇ ಅಪರೂಪ. ಕೊಳ್ಳುವ ದಿನವೇ ಮುಂದಿನ ಐದಾರು ವರ್ಷಕ್ಕೆ ಎಷ್ಟು ಬೇಕೋ ಅಷ್ಟಕ್ಕೂ ದುಡ್ಡು ಕೊಟ್ಟುಬಿಡಬೇಕು. ಅಷ್ಟು ದುಡ್ಡು ಒಟ್ಟಿಗೆ ಇಲ್ಲದವರು ಕಡಿಮೆಯದನ್ನು ಕೊಂಡು, ಅದು ಸಾಲದಾದ ದಿನ ಇಡೀ ಯಂತ್ರವನ್ನೇ ಬಿಸಾಡಬೇಕು. ಅಣ್ಣನ ಕಾಲದಲ್ಲಿ ಅರ್ಧ ಹಾಕಿಸಿ ಅರ್ಧ ಆಮೇಲೆ ಅನ್ನುವವನೂ ಸೊಂಟ ನೆಟ್ಟಗೆ ಮಾಡಿಕೊಂಡು ಅಂಗಡಿಯೊಳಗೆ ಹೋಗುತ್ತಿದ್ದ. ಅಂಥವನಿಗೆ ಈಗ ಕಂಪ್ಯೂಟರಿನಲ್ಲಿ ಜಾಗವೇ ಇಟ್ಟಿಲ್ಲ.

ಸೊಸೆಗೆ ಅವತ್ತು ರ‍್ಯಾಮ್ ಕೊಡಿಸಿದೆ. ಅವಳು ಬೇಡ ಬೇಡ ಅನ್ನುತ್ತಲೇ ಇದ್ದಳು, ಬೆಲೆ ಕೇಳಿ ಅವಳ ಮುಖ ಸಣ್ಣಗಾಗಿತ್ತು. "ಅಪ್ಪ ಇದ್ದಿದ್ರೆ ಕಾಯೋಣ ಅಂತಿದ್ರು ಅತ್ತೆ" ಅಂದಳು. ಹೌದು, ಹಾಗೇ ಅನ್ನುತ್ತಿದ್ದ. ಅವಳ ಪ್ರಾಜೆಕ್ಟು ಕಾಯುವುದಿಲ್ಲವಲ್ಲ. ಅಂಗಡಿಯಲ್ಲೇ ಹಾಕಿಕೊಡುತ್ತೇನೆ ಅಂದರು, ಅವಳು ಬೇಡ ಅಂದಳು. ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ತಾನೇ ಸ್ಕ್ರೂ ಬಿಚ್ಚಿ ಕೂರಿಸಿದಳು. ಈಗಿನ ಯಂತ್ರಗಳು ಅಂಕಿ ಎಣಿಸಿ ತೋರಿಸುವುದಿಲ್ಲ. ಸೆಟ್ಟಿಂಗ್ಸಿನ ಒಳಗೆ ಹೋಗಿ ನೋಡಿದರೆ 16 ಜಿಬಿ ಅಂತ ಒಂದು ಸಾಲು ಇರುತ್ತದೆ, ಅಷ್ಟೆ. ಅಣ್ಣ ಇದ್ದಿದ್ದರೆ ಆ ಸಾಲನ್ನೂ ಎರಡು ಸಲ ಓದಿರುತ್ತಿದ್ದ. ಮಗಳು ಸ್ಕ್ರೂ ಬಿಚ್ಚುವುದನ್ನು ನೋಡಲು ಅವನು ಇರಬೇಕಿತ್ತು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಓಡದ ಕಂಪ್ಯೂಟರು, ಲ್ಯಾಪ್‌ಟಾಪು ಇದ್ದೇ ಇರುತ್ತದೆ. ಅದನ್ನು ಹಾಗೇ ತೂಕಕ್ಕೆ ಹಾಕಬೇಡಿ. ಸ್ಕ್ರೀನು ಒಡೆದಿರಬಹುದು, ಬ್ಯಾಟರಿ ಉಬ್ಬಿರಬಹುದು, ಒಳಗಿನ ರ‍್ಯಾಮ್ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ನಿಮ್ಮ ಬೀದಿಯ ರಿಪೇರಿ ಅಂಗಡಿಯವರಿಗೆ ಕೊಟ್ಟರೆ ಬ್ಯಾಟರಿ ಕಳಚಿ, ಬಿಚ್ಚಿ, ಪರೀಕ್ಷಿಸಿ ಯಾವ ನಮೂನೆಯದು ಅಂತ ಹೇಳುತ್ತಾರೆ. ಡಿಡಿಆರ್-3 ಆಗಲಿ, ಡಿಡಿಆರ್-4 ಆಗಲಿ, ನಾಲ್ಕು ಜಿಬಿಯದೇ ಆಗಲಿ, ಅದಕ್ಕೆ ಹೊಂದುವ ಯಂತ್ರ ನಿಮ್ಮ ಊರಿನ ಯಾವುದಾದರೂ ಸರ್ಕಾರಿ ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಹಾಸ್ಟೆಲಿನ ಹುಡುಗಿಯ ಹತ್ತಿರ ಇರುತ್ತದೆ. ವಿಚಾರಿಸಿ, ಕೊಟ್ಟುಬಿಡಿ.